ಖಾಲಿ ತಟ್ಟೆಯ ಭಾರ

ಅಂಗಡಿಗಳ ತಕ್ಕಡಿ ರಿಪೇರಿ ಅವನ ಕಸುಬು. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಅವನಿಗೆ ಊಟ ಸೇರದು, ಹಾಗಾಗಿ ಬೀದಿಗೆಲ್ಲ ಅವನು ಗ್ರಾಂ ಮಾವ. ಅವನ ಕೋಣೆಯಲ್ಲಿ ಮೂರು ಹಲಗೆ. ಒಂದು ರಿಪೇರಿಗೆ ಬಂದವಕ್ಕೆ, ಇನ್ನೊಂದು ರಿಪೇರಿ ಆದವಕ್ಕೆ. ಮೂರನೆಯದರ ಮೇಲೆ ಅವನೇ ಸೀಮೆಸುಣ್ಣದಲ್ಲಿ 'ಸುಳ್ಳುಬುರುಕರು' ಎಂದು ಬರೆದಿದ್ದ. ತಟ್ಟೆ ಖಾಲಿಯಿದ್ದರೂ ಇನ್ನೂರು ಗ್ರಾಂ ತೋರಿಸುವ ತಕ್ಕಡಿಗಳಿಗೆ ಅಲ್ಲಿ ಜಾಗ. ಅವುಗಳ ಮೇಲೆ ಅವನಿಗೆ ಎಳ್ಳಷ್ಟೂ ಕನಿಕರವಿರಲಿಲ್ಲ.

ಎರಡು ವರ್ಷದ ಹಿಂದೆ ಇಪ್ಪತ್ತು ಕಿಲೋ ತೂಕದ ಕಲ್ಲು ಎತ್ತುವಾಗ ಅವನ ಸೊಂಟ ಹಿಡಿಯಿತು. ತಿಂಗಳಲ್ಲಿ ಹೋಗಬೇಕಿದ್ದ ನೋವು ಬೀಡುಬಿಟ್ಟಿತು. ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಯಾವುದರಲ್ಲೂ ಏನೂ ಕಾಣಲಿಲ್ಲ. ಒಂದು ಸಣ್ಣ ಬಿರುಕಾದರೂ ಸಿಗಬಾರದೇ ಎಂದು ಬೇಡಿಕೊಂಡ ಮನುಷ್ಯ ಇವನೊಬ್ಬನೇ ಇರಬೇಕು.

ಹೆಂಡತಿ ಮೊದಲ ವರ್ಷ ಬೇಸರಿಸದೆ ಬೆನ್ನು ತಿಕ್ಕಿದಳು. ನಾಲ್ಕನೇ ವರದಿ ಓದಿ ಮಡಚಿಟ್ಟು, "ಏನೂ ಇಲ್ವಂತಲ್ಲ," ಎಂದಳು. ಆ ಮಾತು ಸೊಂಟಕ್ಕಿಂತ ಹೆಚ್ಚು ನೋಯಿಸಿತು. ಕಟ್ಟಿಕೊಂಡವಳೇ ನಂಬದ ಮೇಲೆ ಲೋಕವೆಲ್ಲ ನಂಬಿ ಏನಾಗಬೇಕು?

ಅಂದಿನಿಂದ ಅವನು ಅವಳನ್ನು ನಂಬಿಸಲು ಸಾಕ್ಷಿ ಕೂಡಿಹಾಕತೊಡಗಿದ. ಕಸುಬಿನ ಚಾಳಿ ಬಿಟ್ಟೀತೇ? ಗಂಟೆಗೊಮ್ಮೆ ಬಗ್ಗಿ, ನೋವು ಎಷ್ಟಿದೆಯೆಂದು ಪರೀಕ್ಷಿಸಿ, ಪುಸ್ತಕದಲ್ಲಿ ಅಂಕಿ ಬರೆದ. ಹುಡುಕಿದಷ್ಟೂ ಸಿಕ್ಕಿತು.

ಕೊನೆಗೆ ಆ ಪುಸ್ತಕ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ನೋವಿನ ಡಾಕ್ಟರಮ್ಮನ ಬಳಿ ಹೋದ. ಆಕೆ ಅವನ ಕಸುಬು ವಿಚಾರಿಸಿದರು, ಪುಸ್ತಕ ತಿರುವಿದರು, ನಗು ತಡೆದುಕೊಂಡರು. ದಿನಕ್ಕೆ ಹನ್ನೆರಡು ಸಲ ತಟ್ಟಿ ನೋಡಿದರೆ ಯಾವ ತಕ್ಕಡಿ ತಾನೇ ಸುಮ್ಮನಿದ್ದೀತು ಎಂದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು.

"ಸೊಂಟದ ಪೆಟ್ಟು ಯಾವತ್ತೋ ವಾಸಿಯಾಗಿದೆ. ಆದ್ರೆ ನೋವನ್ನ ತೂಗೋದು ಮಿದುಳು. ಅದು ಹೆದರಿ ಹೆದರಿ ತೀರಾ ಸೂಕ್ಷ್ಮ ಆಗ್ಬಿಟ್ಟಿದೆ, ಖಾಲಿ ತಟ್ಟೆಗೂ ಭಾರ ತೋರಿಸ್ತಿದೆ. ನಿಮಗೆ ಆಗ್ತಿರೋ ನೋವು ಮಾತ್ರ ಪೂರ್ತಿ ನಿಜ."

ಪರೀಕ್ಷೆ ನಿಲ್ಲಿಸಿ, ದಿನಾ ನಡೆಯಿರಿ, ಒಂದು ಕಿಲೋದಿಂದ ಮತ್ತೆ ಎತ್ತಲು ಶುರುಮಾಡಿ ಎಂದರು. ಮಿದುಳಿಗೆ ಧೈರ್ಯ ಬರಲು ಸಮಯ ಹಿಡಿಯುತ್ತದೆ, ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು.

ಮನೆಗೆ ಬಂದವನೇ ಮೂರನೇ ಹಲಗೆಯ ಮುಂದೆ ನಿಂತ. ಇಪ್ಪತ್ತು ವರ್ಷ ಆ ಬಡಪಾಯಿಗಳನ್ನು ಬೈದದ್ದಕ್ಕೆ ನಾಚಿಕೆಯಾಗಿ, ಅಂಗೈಯಿಂದ ಹೆಸರು ಒರೆಸಿಹಾಕಿದ. ಹಿಂದೆಯೇ ಬಂದ ಹೆಂಡತಿ ಅವನಿಗೆ ಕುರ್ಚಿ ಎಳೆದಳು.

"ಈಗ ಎಷ್ಟು ತೋರಿಸ್ತಿದೆ?"

"ಪರೀಕ್ಷೆ ಮಾಡಬೇಡಿ ಅಂದಿದಾರಲ್ಲ."

"ನಿಮಗೆ ಅಂದಿದ್ದು. ನಾನು ಒಂದೇ ಸಲ ಕೇಳ್ತಿದೀನಿ."

"ಹದಿನಾರು ಕಿಲೋ," ಎಂದವನು, ಲೆಕ್ಕ ತಪ್ಪಬಾರದೆಂದು, "ಇನ್ನೂರು ಗ್ರಾಂ," ಎಂದು ಸೇರಿಸಿದ.

ಅವಳು ನಗಲಿಲ್ಲ.

"ಅಷ್ಟು ಭಾರಾನ ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಾ?" ಎಂದು ಕೇಳಿ, ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.