ಸೋದರತ್ತೆ ಬುತ್ತಿ ತಂದ ಜಾತ್ರೆ

ಜಾತ್ರೆಯ ದಿನ ಪಕ್ಕದ ಮನೆಯ ಹೊಸ್ತಿಲ ಮುಂದೆ ನೆಂಟರು ಬಿಟ್ಟ ಚಪ್ಪಲಿಗಳನ್ನು ಕಂಡು ನಿಮ್ಮ ಹೊಟ್ಟೆ ಎಂದೂ ಉರಿದಿಲ್ಲವೇ? ಉರಿದಿಲ್ಲ ಎನ್ನುವವರು ನಮ್ಮ ಸೀಮೆಯವರಲ್ಲ ಎಂದು ನಾನು ಧೈರ್ಯವಾಗಿ ವಾದಿಸಬಲ್ಲೆ. ಅಂಕಲಿಯ ಆಸುಪಾಸಿನ ನಮ್ಮ ಊರಿನಲ್ಲಿ ಜೋಳ, ಗೋಧಿಯ ರಾಶಿ ಮುಗಿದ ಮೇಲೆ ಸುಗ್ಗಿಯ ಜಾತ್ರೆ ಕೂಡುತ್ತಿತ್ತು. ಎತ್ತಿನ ಶರ್ಯತ್ತಿನಲ್ಲಿ ಯಾರ ಜೋಡಿ ಮುಂದೆ ಬಂತು, ಕುಸ್ತಿಯಲ್ಲಿ ಯಾರು ಯಾರನ್ನು ಚಿತ್ ಮಾಡಿದರು ಎಂಬುದು ಗಂಡಸರ ಮಾತು. ಹೆಂಗಸರ ಚಿಂತೆ ಬೇರೆಯದೇ. ಹೊರಗಿನ ಊರಿಂದ ಬಂದ ನೆಂಟರು ಮೊದಲ ಹೋಳಿಗೆಯನ್ನು ಯಾರ ಮನೆಯಲ್ಲಿ ಮುರಿದರು ಎಂಬುದರ ಮೇಲೆ ಒಂದು ವರ್ಷದ ಮರ್ಯಾದೆ ನಿಂತಿರುತ್ತಿತ್ತು. ಏಕೆಂದರೆ ಎರಡನೆಯ ಮನೆಯಲ್ಲಿ ಯಾರೂ ನಿಜವಾಗಿ ಉಣ್ಣುವುದಿಲ್ಲ. ಬೆರಳಿಗೆ ಹತ್ತಿಸಿಕೊಂಡು "ಸಾಕ್ರಿ, ಸಾಕ್ರಿ" ಎನ್ನುತ್ತಾರೆ, ಅಷ್ಟೆ.

ಎಂಬತ್ತರ ದಶಕದ ಕೊನೆಗೆ, ಅಜ್ಜ ತೀರಿದ ಮೇಲೆ, ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಪಾಲಾದರು. ಹೊಲ ಎರಡಾಯಿತು. ಅಂಗಳದ ನಡುವೆ ಗೋಡೆ ಎದ್ದಿತು. ರಸ್ತೆಗೆ ಮುಖ ಮಾಡಿದ ತಲೆಬಾಗಿಲು ಕಾಕಾನ ಕಡೆಗೆ ಹೋಯಿತು, ಹಿತ್ತಲ ಬಾಗಿಲು ನಮಗೆ ಉಳಿಯಿತು. ಹಾಗಾಗಿ ಬಸ್ಸಿಳಿದು ಬಂದವರ ಕಾಲು ತಾನಾಗಿ ಅವರ ಮನೆಗೆ ತಿರುಗುತ್ತಿತ್ತು. ಜಾತ್ರೆಯ ಮುಂಜಾನೆ ಗೋಡೆಯಾಚೆ ಕಾಕಾನ ಹೆಂಡತಿ ಕಾಕುವಿನ ಒಲೆಯಿಂದ ಕಾಯಿಸಿದ ತುಪ್ಪದ ವಾಸನೆ ಬಂದರೆ ಅವ್ವ ಒಲೆಯ ಮುಂದೆ ಕುಳಿತೇ ಹೇಳುತ್ತಿದ್ದಳು:

"ಕಿಡಕಿ ತಗದಿಟ್ಟಾಳ ನೋಡು ನಿಮ್ಮ ಕಾಕು, ನಮಗ ವಾಸನಿ ಬಡೀಲಿ ಅಂತ."

ಉಳಿದ ನೆಂಟರು ಎಲ್ಲಿ ಉಂಡರೂ ಅವ್ವ ಹೇಗೋ ಸಹಿಸುತ್ತಿದ್ದಳು. ಆದರೆ ಏಕಸಂಬಿಗೆ ಕೊಟ್ಟಿದ್ದ ನನ್ನ ಸೋದರತ್ತೆಯ ಮಾತು ಬೇರೆ. ಅವಳು ಅಪ್ಪನಿಗೂ ಕಾಕಾನಿಗೂ ಒಬ್ಬಳೇ ತಂಗಿ. ಅವಳು ಎಲ್ಲಿ ಮೊದಲು ಉಣ್ಣುತ್ತಾಳೋ ಅದೇ ತವರು ಎಂದು ಊರು ತೀರ್ಮಾನಿಸುತ್ತಿತ್ತು. ಪಾಲಾದ ಮೊದಲ ಜಾತ್ರೆಯಲ್ಲಿ ಅವಳು ಕಾಕಾನ ಮನೆಯಲ್ಲಿ ಉಂಡಳು. ಆಮೇಲೆ ನಮ್ಮಲ್ಲಿಗೆ ಬಂದು ಅರ್ಧ ಹೋಳಿಗೆ ತಿನ್ನುವುದಕ್ಕೂ ಏದುಸಿರು ಬಿಟ್ಟಳು. ಅವ್ವ ಒಳಗೆ ಹೋದವಳು ಹೊರಗೆ ಬರಲಿಲ್ಲ. ಮರುವರ್ಷ ಅತ್ತೆ ನಮ್ಮಲ್ಲಿ ಮೊದಲು ಉಂಡಳು. ಆಗ ಕಾಕು ಅವಳ ಉಡಿಯನ್ನೇನೋ ತುಂಬಿದಳು, ಆದರೆ ಬಾಯಿ ತೆರೆಯಲಿಲ್ಲ. ಆ ಮೌನದ ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಹಬ್ಬವಾಯಿತು. ನನಗೂ ಆಯಿತು. ಕಾಕಾನ ಮಗಳು ನನ್ನ ವಾರಿಗೆಯವಳು. ಹಿಂದಿನ ವರ್ಷ ಅತ್ತೆಯೊಡನೆ ಅವಳು ನಕ್ಕ ನಗೆ ಗೋಡೆ ದಾಟಿ ಬಂದು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಮೂರನೆಯ ಜಾತ್ರೆಯ ಹೊತ್ತಿಗೆ ನಾನು ಚಿಕ್ಕೋಡಿಯಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಕಾಲೇಜಿನ ಪರವಾಗಿ ನಿಲ್ಲುತ್ತಿದ್ದೆ. ಅವ್ವ ನನ್ನನ್ನು ಬಸ್ ಸ್ಟ್ಯಾಂಡಿಗೆ ಅಟ್ಟಿದಳು.

"ಕೈ ಹಿಡದ ಕರಕೊಂಡ ಬಾ. ಮುಂದಿನ ಬಾಗಿಲಾ ನೋಡಾಕ ಬಿಡಬ್ಯಾಡ."

ಅಲ್ಲಿ ಬೇವಿನ ನೆರಳಿನಲ್ಲಿ ಕಾಕಾನ ಮಗಳು ಆಗಲೇ ನಿಂತಿದ್ದಳು.

"ಯಾರ್ನ ಕಾಯಾಕತ್ತೀಯವ್ವಾ?" ಎಂದೆ.

"ನೀ ಯಾರ್ನ ಕಾಯಾಕತ್ತೀಯೋ ಅವರ್ನ."

ಏಕಸಂಬಿಯ ಬಸ್ಸು ಬಂತು. ತಲೆಗಳ ಮೇಲೆ ತಲೆ ಇಟ್ಟಂತೆ ಜನ ಇಳಿದರು. ಅತ್ತೆ ಮಾತ್ರ ಇಳಿಯಲಿಲ್ಲ. ಅತ್ತೆಯನ್ನು ಇವಳು ಮೊದಲೇ ಬಚ್ಚಿಟ್ಟಿದ್ದಾಳೆಂದು ನಾನು, ನಾನು ಬಚ್ಚಿಟ್ಟಿದ್ದೇನೆಂದು ಅವಳು ಅನುಮಾನಿಸಿ, ಒಬ್ಬರನ್ನೊಬ್ಬರು ಬಿಡದೆ ಜಾತ್ರೆಯೆಲ್ಲ ಹುಡುಕಿದೆವು. ಬಳೆಗಾರರ ಸಾಲು ದಾಟಿ, ತಿರುಗುವ ತೊಟ್ಟಿಲ ಹಿಂದೆ, ಒಂದು ಆಲದ ಬುಡದಲ್ಲಿ ಅತ್ತೆ ಕುಳಿತಿದ್ದಳು. ಬೆಳಿಗ್ಗೆಯ ಬಸ್ಸಿಗೇ ಬಂದಿದ್ದಳಂತೆ. ಮುಂದೆ ಬಟ್ಟೆ ಬಿಚ್ಚಿದ ಬುತ್ತಿ: ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕದ ವಡಿ, ಶೇಂಗಾ ಚಟ್ನಿ.

"ಅತ್ತೀ, ತವರಮನಿ ಇಟ್ಕೊಂಡ ಗಿಡದ ಬುಡಕ ಕುಂತ ಉಣ್ಣೂದೇನ?" ಎಂದು ನಾನು ಆರಂಭಿಸಿದೆ. "ಹಿರಿಯಣ್ಣನ ಮನಿ ಮೊದಲ. ಪದ್ಧತಿ ಹಂಗ ಐತಿ."

"ಅಜ್ಜನ ತಲಬಾಗಿಲ ನಮ್ಮ ಕಡೆ ಐತಿ," ಎಂದಳು ಕಾಕಾನ ಮಗಳು. "ತವರ ಅಂದ್ರ ಅದ."

"ವಕೀಲರಿಬ್ಬರೂ ಮೊದಲ ಕುಂದರ್ರಿ," ಎಂದು ಅತ್ತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಪಾಲ ಆಗುವಾಗ ನಿನಗೇನರ ಬೇಕೇನಂತ ನನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಜಾತ್ರಿ ದಿನದ ಒಂದ ಊಟ ನಂದಿತ್ತ. ಅದನ್ನೂ ಇಬ್ಬರೂ ಕೂಡಿ ಜಗ್ಗಾಕ ನಿಂತ್ರಿ. ಒಬ್ಬರ ಮನ್ಯಾಗ ಉಂಡ್ರ ಇನ್ನೊಬ್ಬರ ಮಾರಿ ಸಣ್ಣದ ಆಗ್ತೈತಿ. ನನಗ ಇರೂದ ಒಂದ ಹೊಟ್ಟಿ."

ಮಹಿಳೆಗೆ ಆಸ್ತಿಯಲ್ಲಿ ಸಮಪಾಲು ಬೇಕೇ ಎಂಬ ವಿಷಯದ ಮೇಲೆ ವೇದಿಕೆಗಳಲ್ಲಿ ಎರಡೂ ಪಕ್ಷದವರ ವಾದ ಕೇಳಿದ್ದೆ. ಒಂದು ಊಟವೂ ಆಸ್ತಿಯಾಗಿರಬಹುದು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಸುದ್ದಿ ಎರಡೂ ಮನೆಗೆ ಮುಟ್ಟಿತು. ಅವ್ವ ಸೆರಗಿನ ಮರೆಯಲ್ಲಿ ತಾಟು ಹಿಡಿದು ಬಂದಳು. ಕಾಕು ಸ್ಟೀಲಿನ ಡಬ್ಬಿಯೊಡನೆ ಇನ್ನೊಂದು ದಿಕ್ಕಿನಿಂದ ಬಂದಳು. ಇಬ್ಬರೂ ಓಡಿರಲಿಲ್ಲವೆಂದು ತೋರಿಸಿಕೊಳ್ಳಲು ಉಸಿರು ಬಿಗಿಹಿಡಿದಿದ್ದರು. ಅವ್ವನ ಕಣ್ಣು ಡಬ್ಬಿಯ ಮೇಲೆ, ಕಾಕುವಿನ ಕಣ್ಣು ತಾಟಿನ ಮೇಲೆ.

"ದೊಡ್ಡ ವೈನಿ, ಸಣ್ಣ ವೈನಿ, ಇಬ್ಬರೂ ಕುಂದರ್ರಿ," ಎಂದು ಅತ್ತೆ ತನ್ನ ಅತ್ತಿಗೆಯರಿಗೆ ಹೇಳಿದಳು. "ಇವತ್ತ ನನ್ನ ಕೈದು ಉಣ್ರಿ."

ಜಾತ್ರೆಯ ಜನ ನೋಡುತ್ತಿದ್ದರು. ನಿರಾಕರಿಸುವ ದಾರಿ ಇರಲಿಲ್ಲ. ಇಬ್ಬರೂ ಅತ್ತೆಯ ಎರಡು ಮಗ್ಗುಲಿಗೆ ಕುಳಿತು ರೊಟ್ಟಿ ಮುರಿದರು. ಅವರಿಬ್ಬರು ತಂದ ಹೋಳಿಗೆಗಳನ್ನು ಅತ್ತೆ ಯಾರದು ಯಾವುದೆಂದು ತಿಳಿಯದಂತೆ ಬೆರೆಸಿ, ಒಂದೇ ಬಟ್ಟೆಯಲ್ಲಿ ಕಟ್ಟಿಕೊಂಡು, ಮಧ್ಯಾಹ್ನದ ಬಸ್ಸು ಹತ್ತಿದಳು. ಆ ವರ್ಷ ಅವಳು ತವರಿನ ಯಾವ ಹೊಸ್ತಿಲನ್ನೂ ತುಳಿಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವ್ವ ಕೇಳಿದಳು:

"ಝುಣಕದ ದೊಡ್ಡ ವಡಿ ಯಾರಿಗೆ ಕೊಟ್ಳು, ನೋಡಿದೇನ?"

ನೋಡಿದ್ದೆ. ಕಾಕುವಿಗೆ ಕೊಟ್ಟಿದ್ದಳು. ನನಗೂ ಅದೇ ಚುಚ್ಚುತ್ತಿತ್ತು.

ಮರುವರ್ಷ ಸುಗ್ಗಿಗೆ ಮುಂಚೆ ಅವ್ವ ಮತ್ತು ಕಾಕು ಕೂಡಿಯೇ ಏಕಸಂಬಿಗೆ ಹೋದರು. ಒಂದೇ ಬಸ್ಸು, ಬೇರೆ ಬೇರೆ ಸೀಟು. ಆದರೂ ಅತ್ತೆಯ ಅಂಗಳದಲ್ಲಿ ಒಟ್ಟಿಗೇ ನಿಂತು "ಜಾತ್ರಿಗಿ ಬಾ" ಎಂದರು. ಅವಳು ಬಂದಳು. ಪಾಲಾಗದೆ ಉಳಿದಿದ್ದ ರಾಶಿಯ ಕಣದಲ್ಲಿ ಚಾಪೆ ಹಾಸಿ, ಎರಡೂ ಮನೆಯ ಪಾತ್ರೆಗಳನ್ನು ಅಲ್ಲಿಗೇ ತಂದು ಬಡಿಸಿದೆವು. ಮತ್ಸರ ಹೋಯಿತೆಂದು ನಾನು ಹೇಳಲಾರೆ. ಯಾರ ಸೌಟು ಮೊದಲು ಎದ್ದಿತೆಂದು ಅವ್ವ ಆಗಲೂ ನೋಡಿದಳು, ನಾನೂ ನೋಡಿದೆ. ಆದರೆ ಅತ್ತೆ ಹೊಟ್ಟೆ ತುಂಬ ಉಂಡಳು.

ಮತ್ಸರವನ್ನು ಕಿತ್ತು ಹಾಕಿರಿ ಎಂದು ಉಪದೇಶಿಸುವುದು ಸುಲಭ, ಅದರಿಂದ ಯಾರಿಗೂ ಊಟ ಸಿಗುವುದಿಲ್ಲ. ನಾನು ಕೇಳುವುದು ಸಣ್ಣ ಕೆಲಸ. ನಿಮ್ಮ ಮನೆ ಪಾಲಾಗಿದ್ದರೆ, ಈ ಸಲದ ಜಾತ್ರೆಗೆ ಮನೆಯ ಹೆಣ್ಣುಮಗಳನ್ನು ಕರೆಯಲು ಅಣ್ಣತಮ್ಮಂದಿರೆಲ್ಲ ಕೂಡಿ ಹೋಗಿರಿ, ಒಂದೇ ಕರೆ ಕೊಡಿರಿ, ಒಂದೇ ಕಡೆ ಬಡಿಸಿರಿ.