ಖಾಲಾ ಬೆಳೆಸಿದ ಬಜೆ

ಹೋದ ವಾರ ತಂಗಿಯ ಮಗಳ ಬಾಣಂತನದ ಸಾಮಾನಿಗೆಂದು ಸೊಲ್ಲಾಪುರ ರಸ್ತೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬಜೆಯ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತೊರವಿಯ ನಮ್ಮ ಬಾಡಿಗೆ ಮನೆ, ಹಿತ್ತಲಿನ ಗಿಡ್ಡ ಗೋಡೆ, ಅದರಾಚೆ ಬಗ್ಗಿ ಕೂತ ಖಾಲಾ...

ಪಕ್ಕದ ಮನೆಯವರು; ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಬಜೆ ಕೆಸರಿನ ಗಿಡ, ಬೇರು ಸದಾ ನೀರಲ್ಲಿರಬೇಕು. ನಮ್ಮಲ್ಲೋ ನಲ್ಲಿ ಬರುತ್ತಿದ್ದುದೇ ವಾರಕ್ಕೊಮ್ಮೆ. ಹೊನವಾಡದ ತವರಿನ ಹಳ್ಳದಿಂದ ತಂದ ಗೆಡ್ಡೆಯನ್ನು ಅವರು ಹಿತ್ತಲಲ್ಲಿ ಗುಂಡಿ ತೋಡಿ, ತಳಕ್ಕೆ ಎರೆಮಣ್ಣು ಮೆತ್ತಿ ನೆಟ್ಟಿದ್ದರು. ದಿನಕ್ಕೆ ಐದು ಸಲ ಅದರ ಅಂಚಿನ ಕಲ್ಲಿನ ಮೇಲೆ ಕೂತೇ ನಮಾಜಿಗೆ ಕೈಕಾಲು ತೊಳೆಯುತ್ತಿದ್ದರು. ಒಂದು ಹನಿಯೂ ಹೊರಗೆ ಹೋಗುತ್ತಿರಲಿಲ್ಲ. ಬೇಸಿಗೆಯಲ್ಲಿ ನನ್ನ ತುಳಸಿ ಒಣಗಿದರೂ ಅವರ ಬಜೆ ಹಸಿರಾಗಿ ನಿಂತಿರುತ್ತಿತ್ತು.

ನನ್ನ ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಮನೆಯವರೆಲ್ಲ ತಪ್ಪು ನನ್ನದೇ ಎಂಬಂತೆ ನೋಡುತ್ತಿದ್ದರು. ಖಾಲಾ ಮಾತ್ರ ಗೋಡೆಯಾಚೆಯಿಂದ ಕೈ ಚಾಚಿ, "ಕೊಡಬೇ ಇಲ್ಲಿ, ನನ್ನ ಕೂಡ ಕುಂದರ್ಲಿ" ಎಂದು ಅವನನ್ನು ಎತ್ತಿಕೊಳ್ಳುತ್ತಿದ್ದರು. ಬಜೆ ತೇಯ್ದು ನಾಲಿಗೆಗೆ ಇಷ್ಟೇ ಇಷ್ಟು ಹಚ್ಚುವರು. ಆಮೇಲೆ ಗಿಡದ ಪಕ್ಕ ಕೂರಿಸಿಕೊಂಡು ಕಪ್ಪೆ, ಹಳ್ಳ, ತವರು ಅಂತ ತಾಸುಗಟ್ಟಲೆ ಹರಟುವರು. ಮಾತು ಬಂದದ್ದು ಬಜೆಯಿಂದಲೋ ಆ ಹರಟೆಯಿಂದಲೋ, ಇಂದಿಗೂ ನನಗೆ ತಿಳಿಯದು.

ಒಂದು ಸಂಜೆ ಅವನು ಗೋಡೆಯ ಕಡೆ ಕೈ ಮಾಡಿ ಮೊದಲ ಮಾತಾಡಿದ: "ಖಾಲಾ."

ಅವ್ವ ಅನ್ನಲಿಲ್ಲ. ಖುಷಿಗಿಂತ ಮೊದಲು ಹೊಟ್ಟೆಯಲ್ಲಿ ಉರಿ ಎದ್ದಿತು. ನೆಗಡಿ ಎಂದು ನೆಪ ಹೇಳಿ ಅವನನ್ನು ಆಚೆ ಕಳಿಸುವುದನ್ನೇ ಬಿಟ್ಟೆ. ಅವನು ಗೋಡೆಗೆ ಆತು ನಿಂತು ಕರೆಯುತ್ತಿದ್ದ. ಅವರು ಓಗೊಡುತ್ತಿರಲಿಲ್ಲ.

ಎಂಟನೆಯದೋ ಹತ್ತನೆಯದೋ ದಿನ, ಕದದ ಹಿಂದೆ ನಿಂತಿದ್ದೆ. ಗೋಡೆಯಾಚೆಯಿಂದ ಮೆಲ್ಲಗೆ ಅವರ ದನಿ: "ಖಾಲಾ ಬ್ಯಾಡಪಾ ನನ್ನ ರಾಜಾ. ಅವ್ವಾ ಅನ್ನು. ಅವ್ವಾ... ನಿಮ್ಮವ್ವ ಕಾಯಾಕತ್ತಾಳ."

ಆ ರಾತ್ರಿಯ ಊಟಕ್ಕೆ ಮುಂಚೆ ಅವನು ನನ್ನ ಸೆರಗು ಜಗ್ಗಿ ಅವ್ವಾ ಅಂದ. ಮರುದಿನ ನಾನೇ ಅವನನ್ನು ಗೋಡೆ ದಾಟಿಸಿ ಕೊಟ್ಟೆ. ಕೇಳಿಸಿಕೊಂಡದ್ದನ್ನು ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಮುಂದೆ ನಾವು ವಿಜಯಪುರದೊಳಗೆ ಮನೆ ಮಾಡಿದೆವು. ಅರ್ಧ ತಾಸಿನ ದಾರಿ. ಹೋಗಬೇಕು, ಎಲ್ಲ ಹೇಳಿಬಿಡಬೇಕು ಅನ್ನುತ್ತಲೇ ವರ್ಷಗಳು ಕಳೆದವು...

ಅಂದು ಅಂಗಡಿಯಿಂದ ಮನೆಗೆ ಬರಲಿಲ್ಲ, ತೊರವಿಯ ಬಸ್ಸು ಹತ್ತಿದೆ. ಖಾಲಾ ಅವರ ಹಿತ್ತಲಿಗೆ ಫರ್ಶಿ ಕಲ್ಲು ಹಾಸಿದ್ದರು, ಬಜೆಯ ಗುಂಡಿ ಇರಲಿಲ್ಲ. ಈಗಿರುವ ಮನೆಯಾಕೆ, "ಅವರು ತೀರಿಕೊಂಡು ಎರಡು ವರ್ಷ ಆತ್ರಿ" ಅಂದಳು. ಕೂರಿಸಿ ನೀರು ಕೊಟ್ಟಳು. "ನಿಮಗ ಅವರು ಏನಾಗಬೇಕ್ರಿ?"

ಹೇಳಲು ಬಾಯಿ ತೆರೆದೆ. ಅಳು ಬಂತು.