ಬ್ಯಾಗಿನಲ್ಲಿದ್ದ ಮಾರ್ಕ್ಸ್ ಕಾರ್ಡ್

ಸೋಲದೇವನಹಳ್ಳಿಯಲ್ಲಿ ನನ್ನ ಆಟೋ ಹತ್ತಿದ ಕಾಲೇಜು ಹುಡುಗಿ ಮೊಬೈಲಿನಲ್ಲಿ ಜಪಾನಿನ ಕಾರ್ಟೂನ್ ಸಿನಿಮಾ ನೋಡುತ್ತಾ ಅಳುತ್ತಿದ್ದಳು. ಬೆಳಗಿಂದ ಓಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು, ಆದರೂ ಏನಮ್ಮಾ ಅಂದೆ.

“ಮಂತ್ರಶಕ್ತಿ ಇರೋ ಹುಡುಗಿ ಊರಿಗೋಸ್ಕರ ಜೀವ ಕೊಡೋಕೆ ಹೊರಡ್ತಾಳೆ, ತಾತ. ಪ್ರೀತಿ ಜಾಸ್ತಿಯಾಗಿ ಗೆಳತಿ ಅವಳನ್ನ ಕೂಡಿಹಾಕ್ತಾಳೆ.”

“ಅದ್ಯಾವ ಪ್ರೀತಿ? ಹೆಬ್ಬಾಳದ ಕೆರೇಲಿ ಬರಿಗೈಲಿ ಹಿಡಿದ ಮೊಸಳೇನ ನಾನೂ ಕೂಡಿಹಾಕಿದ್ದೆ. ಊಟ ಬಿಡ್ತು, ವಾಪಸ್ ಬಿಟ್ಟುಬಂದೆ ಕಣಮ್ಮಾ.”

ಅವಳು ನಗಲಿಲ್ಲ. “ನನ್ನ ಗೆಳತಿ ಮನೆಯವರನ್ನ ಸಾಕೋಕೆ ಓದು ಬಿಟ್ಟು ಇವತ್ತು ಹುಬ್ಬಳ್ಳಿಗೆ ಕೆಲಸಕ್ಕೆ ಹೊರಟಿದ್ದಾಳೆ. ಹೋಗದಿರಲಿ ಅಂತ ಅವಳ ಮಾರ್ಕ್ಸ್ ಕಾರ್ಡ್ ಕದ್ದು ಈ ಬ್ಯಾಗಲ್ಲಿ ಇಟ್ಕೊಂಡಿದ್ದೀನಿ. ಯಶವಂತಪುರ ಸ್ಟೇಷನ್‌ಗೆ ತಿರುಗಿಸಿ ತಾತ, ಕೊಟ್ಟುಬಿಡ್ತೀನಿ.”

ರೈಲು ಹೊರಡೋ ಮುಂಚೆ ಮುಟ್ಟಿಸಿದೆ. ಹುಡುಗಿ ಗೆಳತಿಗೆ ಕಾರ್ಡ್ ಕೊಟ್ಟು ಒಬ್ಬಳೇ ವಾಪಸ್ ಬಂದಳು. ಹೋಗುವಾಗ ಗೊರಗುಂಟೆಪಾಳ್ಯದ ಸಿಗ್ನಲ್ ನನ್ನ ಮುಖ ನೋಡಿಯೇ ಹಸಿರಾಯಿತು ಅಂದರೆ ಆಟೋ ಸ್ಟ್ಯಾಂಡಿನಲ್ಲಿ ಒಬ್ಬನೂ ನಂಬುವುದಿಲ್ಲ.